ಎರಡು ಗಂಟೆಯ ರೈಲು

ಅಕ್ಟೋಬರ್ ಹುಟ್ಟಿ ಆರು ದಿನವಾಗಿತ್ತು. ರೆಡ್ ನದಿಯ ಬಯಲಿನಲ್ಲಿ ಬೀಟ್ ಗೆಡ್ಡೆ ಕೀಳುವ ಕೆಲಸ ಬಿರುಸಿನಿಂದ ಸಾಗಿತ್ತು. ಗೋಧಿ ಯಾವಾಗಲೋ ಕಣಜ ಸೇರಿತ್ತು, ಸೋಯಾ ಕೂಡ ಒಳಗೆ ಬಂದಿತ್ತು, ಇನ್ನು ನೆಲದೊಳಗೆ ಉಳಿದದ್ದು ಸಕ್ಕರೆಗೆಂದು ಬೆಳೆದ ಈ ಬಿಳಿ ಗೆಡ್ಡೆ ಮಾತ್ರ. ನೆಲ ಹೆಪ್ಪುಗಟ್ಟುವುದರೊಳಗೆ ಅಷ್ಟನ್ನೂ ಕಿತ್ತು ರಾಶಿಗೆ ಸೇರಿಸಬೇಕಾದ್ದರಿಂದ ಶಾಲೆಯ ಮೇಷ್ಟರು, ಅಂಚೆ ಹಂಚುವವನು, ಬ್ಯಾಂಕಿನ ಗುಮಾಸ್ತೆ ಎಲ್ಲರೂ ಎರಡು ವಾರ ರಜೆ ಹಾಕಿ ಯಾರದಾದರೂ ಲಾರಿ ಹತ್ತುವುದು ಇಲ್ಲಿಯ ರೂಢಿ. ಈ ವರ್ಷ ಊರಿನ ಲೂಥರನ್ ಚರ್ಚಿನ ಪಾದ್ರಿ, ಪಾಸ್ಟರ್ ಲೋವೆಲ್ ಎಂಗೆನ್ ಕೂಡ ಹತ್ತಿದ್ದ. ಬೆಳಗಿನಿಂದ ಇದು ಅವನ ಐದನೆಯ ಹೊರೆ.

ಕೆಲಸ ದೊಡ್ಡದೇನಲ್ಲ. ಗೆಡ್ಡೆ ಕೀಳುವ ಯಂತ್ರದ ಮಗ್ಗುಲಿಗೆ ಲಾರಿ ತಂದು ಅದು ನಡೆದಷ್ಟೇ ನಿಧಾನ ನಡೆಯಬೇಕು. ಯಂತ್ರದ ತೋಳಿನಿಂದ ಗೆಡ್ಡೆಗಳು ಹಿಂದಿನ ತೊಟ್ಟಿಗೆ ಬೀಳುತ್ತವೆ. ಮೊದಮೊದಲು ಬರಿಯ ಕಬ್ಬಿಣದ ಮೇಲೆ ಗುಡುಗಿನಂತೆ, ಆಮೇಲೆ ಗೆಡ್ಡೆಯ ಮೇಲೆ ಗೆಡ್ಡೆ ಬಿದ್ದು ಯಾರೋ ಪಕ್ಕದ ಕೋಣೆಯಲ್ಲಿ ಹಾಸಿಗೆ ಕೊಡವಿದಂತೆ. ಆ ಸದ್ದು ಮೆತ್ತಗಾಗುವ ಗಳಿಗೆಗಾಗಿ ಲೋವೆಲ್ ಪ್ರತಿ ಸಲವೂ ಕಾಯುತ್ತಿದ್ದ. "ಚೂರು ಮುಂದಕ್ಕೆ ಬಾ, ನಾಲ್ಕು," ಎಂದು ವೈರ್‌ಲೆಸ್ಸಿನಲ್ಲಿ ಮಾರ್ಡೆಲ್ ಸ್ಕಾರಳ ದನಿ ಬರುತ್ತಿತ್ತು. "ಹಾಂ. ಹಂಗೇ. ಹಂಗೇ ಇರು. ಓಡ್ಬೇಡ, ನನ್ನ ಗೆಡ್ಡೆ ನೆಲಕ್ಕೆ ಬೀಳ್ತಾ ಇದೆ." ಹೊಲ ಅವಳದು, ಲಾರಿಗಳೂ ಅವಳವು, ಭಾನುವಾರ ಚರ್ಚಿನ ಸಮಿತಿಗೆ ಅಧ್ಯಕ್ಷೆಯೂ ಅವಳೇ. ಹನ್ನೊಂದು ವರ್ಷ ಬನ್ನಿ, ಹೋಗಿ, ಕೂತುಕೊಳ್ಳಿ ಎಂದೇ ಮಾತಾಡಿಸಿದವಳ ಬಾಯಲ್ಲಿ ಈಗ ಬಾ, ಇರು, ನಿಲ್ಲು. ವೈರ್‌ಲೆಸ್ಸಿನಲ್ಲಿ ಅವನು ಬರಿಯ ನಾಲ್ಕನೇ ಲಾರಿ, ಲಾರಿಗೆ ಯಾರೂ ಬಹುವಚನ ಹಚ್ಚುವುದಿಲ್ಲ. ಮೊದಲ ದಿನ ಆ 'ಬಾ' ಕಿವಿಗೆ ಬಿದ್ದಾಗ ಅವನಿಗೆ ಬಿಗಿದ ಬೂಟು ಕಳಚಿಟ್ಟಷ್ಟು ಹಗುರವಾಗಿತ್ತು. ಆ ದಿನದಿಂದ ಅವನು ಏಳು ಗಂಟೆ ನಿದ್ದೆ ಮಾಡುತ್ತಿದ್ದ, ಮುಂಜಾನೆ ನಾಲ್ಕು ಮೊಟ್ಟೆ ತಿನ್ನುತ್ತಿದ್ದ, ಸುಮ್ಮನೆ ಸಿಳ್ಳೆ ಹಾಕುತ್ತಿದ್ದ. ಮಂಗಳವಾರ ಯಾರಿಗೆ ಶಸ್ತ್ರಚಿಕಿತ್ಸೆ, ಯಾರ ಮಗಳು ಮನೆಗೆ ಬರುವುದನ್ನು ಬಿಟ್ಟಿದ್ದಾಳೆ, ಚರ್ಚನ್ನು ಬೆಚ್ಚಗಿಡುವ ಬಾಯ್ಲರು ಎಷ್ಟು ಹೊತ್ತಿಗೆ ಆರಿತು ಎಂಬ ಪಟ್ಟಿ ಕಣ್ಣು ಬಿಟ್ಟೊಡನೆ ಎದೆಯ ಮೇಲೆ ಬಂದು ಕೂರುತ್ತಿರಲಿಲ್ಲ.

ಹೀಗೆ ಲಾರಿ ಹತ್ತುವಂತೆ ಮಾಡಿದ್ದು ಆಗಸ್ಟಿನ ಒಂದು ಭಾನುವಾರ. ಲೋವೆಲ್ ಸಭೆಯವರಿಗೆ ಕರ್ತನ ಪ್ರಾರ್ಥನೆ ಹೇಳಿಸುತ್ತಿದ್ದ. ಈ ಹೊತ್ತಿನ ರೊಟ್ಟಿಯನ್ನು ಬೇಡಿದ. ಅದರ ಮುಂದಿನದು, ಕ್ಷಮೆ ಬೇಡುವ ಸಾಲು, ಬರಲಿಲ್ಲ. ಐದು ವರ್ಷದ ಮಗುವಿಗೂ ಬರುವ ಸಾಲು. ಸಭೆಯವರು ಪಾಸ್ಟರು ಬೇಕೆಂದೇ ಮೌನವಾಗಿದ್ದಾರೆಂದು ತಲೆ ತಗ್ಗಿಸಿ ಕಾದರು. ಫ್ಯಾನಿನ ಸದ್ದು, ಯಾರದೋ ಹೊಟ್ಟೆಯ ಗುಳುಗುಳು, ಬಲಗಡೆಯ ಕಿಟಕಿಯಲ್ಲಿ ಒಂದು ನೊಣ. ಅವನು ಆ ನೊಣವನ್ನೇ ನೋಡುತ್ತಿದ್ದ. ಕೊನೆಗೆ ಮೂರನೆಯ ಬೆಂಚಿನಿಂದ ಮಾರ್ಡೆಲ್, ಹಾಲು ಉಕ್ಕಿದಾಗ ಓಡಿಬಂದು ಒಲೆ ಆರಿಸುವವಳಂತೆ, ಆ ಸಾಲನ್ನು ಎತ್ತಿಕೊಂಡು ಮುಗಿಸಿದಳು. ಸಮಿತಿ ಸೇರಿದಾಗ ಅವಳು ಪೀಠಿಕೆ ಹಾಕಲಿಲ್ಲ. "ಪಾಸ್ಟರ್, ಬಾಯ್ಲರ್ ನೀವೇ ನೋಡ್ತೀರಿ, ಸಮಾಧಿಗಳ ನಡುವೆ ಹುಲ್ಲು ನೀವೇ ಹೊಡೀತೀರಿ, ಭಾನುವಾರದ ಆರಾಧನೆಯ ಹಾಳೆ ನೀವೇ ಅಚ್ಚು ಹಾಕ್ತೀರಿ. ನಮಗೇನು ಕೈ ಇಲ್ವಾ? ನಿಮ್ಮಂಥ ಆಳು ನನ್ನ ಹೊಲದಲ್ಲಿದ್ರೆ ಉಳಿದ ಆಳುಗಳೆಲ್ಲ ಬಿಟ್ಟು ಹೋಗ್ತಿದ್ರು. ಎರಡು ವಾರ ಚರ್ಚಿನ ಬಾಗಿಲ ಹತ್ರ ಕಾಣಿಸ್ಕೋಬೇಡಿ. ಕಾಣಿಸ್ಕೊಂಡ್ರೆ ಮೂರು ವಾರ." ಅವನು ಆ ಎರಡು ವಾರಕ್ಕೆ ಲಾರಿ ಕೇಳಿದ. "ರಜೆ ಅಂದ್ರೆ ಜನ ಸರೋವರಕ್ಕೆ ಹೋಗಿ ಮೀನು ಹಿಡೀತಾರೆ," ಎಂದಳು ಅವಳು. ಅವನಿಗೆ ಮೀನಿನ ಮುಂದೆ ಕೂತರೆ ಯೋಚನೆ ಬರುತ್ತದೆ. ಎಲ್ಲಿ ನಿಲ್ಲಬೇಕು, ಎಷ್ಟು ನಿಧಾನ ಹೋಗಬೇಕು ಎಂದು ಇನ್ನೊಬ್ಬರು ಹೇಳಬೇಕು, ಅಷ್ಟೇ ಸಾಕು ಎಂದಿದ್ದ. ಅವಳು ಲಾರಿಯ ಬೀಗದಕೈ ಕೊಟ್ಟಿದ್ದಳು.

ತೊಟ್ಟಿ ತುಂಬಿತು. ಗೆಡ್ಡೆಯ ರಾಶಿ ಹಾಕುವ ಜಾಗ ಏಳು ಮೈಲಿ ದೂರ. ಮಣ್ಣಿನ ರಸ್ತೆಯಲ್ಲಿ ಧೂಳೆಬ್ಬಿಸುತ್ತ ಹೋಗುವಾಗ ಎರಡು ಕಡೆಯೂ ಅಡೆತಡೆಯಿಲ್ಲದ ಬಯಲು. ಆಕಾಶ ಇಷ್ಟು ದೊಡ್ಡದಿರಬೇಕಾದ ಅಗತ್ಯವೇನಿತ್ತು ಎಂದು ಅವನಿಗೆ ನಗು ಬರುತ್ತಿತ್ತು. ಮೇಲೆ ಬಾತುಗಳ ಸಾಲು ದಕ್ಷಿಣಕ್ಕೆ ಹೊರಟಿತ್ತು. ಈ ಸುಖ ನಾಲ್ಕನೆಯ ಮೈಲಿಯವರೆಗೆ. ಅಲ್ಲಿ ರೈಲು ಹಳಿ. ಹಳಿಯ ಮೇಲೆ ಲಾರಿ ಕುಲುಕಿದಾಗ ಪ್ರತಿ ಸಲವೂ ಅವನ ಸಿಳ್ಳೆ ನಿಂತುಹೋಗುತ್ತಿತ್ತು. ಹಳಿ ದಾಟಿದ ಮೇಲೆ ಮುಂದೆ ಹೋಗುತ್ತಿದ್ದ ಮೂರನೇ ಲಾರಿಯ ಬೆನ್ನು ಕಾಣುತ್ತಿತ್ತು. ಅದನ್ನು ನಡೆಸುತ್ತಿದ್ದವನು ಓರ್ಲಿನ್ ಟ್ವೇಟ್, ಎಪ್ಪತ್ತಾರು ವರ್ಷದವನು, ಫೆಬ್ರುವರಿಯಲ್ಲಿ ಹೆಂಡತಿ ಆರ್ಡಿಸಳನ್ನು ಕಳೆದುಕೊಂಡವನು.

ಫೆಬ್ರುವರಿಯ ಆ ವಾರ ಲೋವೆಲ್ ಮಾಡಿಸಬೇಕಾದ ಮಣ್ಣು ಮೂರು. ಒಂದರ ಊಟ ಮುಗಿಯುವುದರೊಳಗೆ ಇನ್ನೊಂದರ ಕರೆ. ಲೋವೆಲ್ ನಗರದ ಆಸ್ಪತ್ರೆಯಿಂದ ಮರಳುತ್ತಿದ್ದಾಗ ಓರ್ಲಿನ್ ಫೋನು ಮಾಡಿದ್ದ: "ಆರ್ಡಿಸ್ ಕೇಳ್ತಿದಾಳೆ. ಬರ್ತೀರಾ?" ಬಂದೆ ಎಂದ. ನಿಜವಾಗಿ ಹೊರಟಿದ್ದ. ಮನೆ ಇನ್ನೊಂದೂವರೆ ಮೈಲಿ ಇದೆ ಎನ್ನುವಾಗ, ಸಾಯುತ್ತಿರುವವಳ ಮುಂದೆ ಈ ಮುಖ ಹೊತ್ತು ಹೋಗಬಾರದು, ಐದು ನಿಮಿಷ ಸುಧಾರಿಸಿಕೊಳ್ಳೋಣ ಎಂದು ಹಿಮದ ಗುಡ್ಡೆಯ ಪಕ್ಕ ಕಾರು ನಿಲ್ಲಿಸಿದ. ಕಾರಿನೊಳಗಿನ ಬಿಸಿಗಾಳಿ ಕಾಲಿಗೆ ಹಿತವಾಗಿ ಬಡಿಯುತ್ತಿತ್ತು. ಕಣ್ಣು ಬಿಟ್ಟಾಗ ಎರಡು ಗಂಟೆ ಕಳೆದಿತ್ತು. ಮನೆ ಮುಟ್ಟಿದಾಗ ಓರ್ಲಿನ್ ಬಾಗಿಲಲ್ಲಿ ನಿಂತು "ಹೋಗ್ಬಿಟ್ಲು" ಎಂದ, ಅಷ್ಟೇ. ಆಗ ಲೋವೆಲ್‌ನ ಬಾಯಿಂದ, ಯಾರೋ ಮೊದಲೇ ಬರೆದಿಟ್ಟಂತೆ, ಆ ಮಾತು ಬಂತು: "ರೈಲು ಅಡ್ಡ ನಿಂತಿತ್ತು, ಓರ್ಲಿನ್. ಎರಡು ಗಂಟೆ." ಮೈಲಿಯುದ್ದದ ಸರಕು ರೈಲುಗಳು ರಸ್ತೆಗೆ ಅಡ್ಡ ನಿಂತು ಜನರನ್ನು ಕಾಯಿಸುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಆ ಕಾರಣ ಹೇಳಿದರೆ ಮರುಪ್ರಶ್ನೆ ಇಲ್ಲ. ಓರ್ಲಿನ್ ತಲೆಯಾಡಿಸಿ, ಒದ್ದೆಯಾದ ಕೋಟು ಬಿಚ್ಚಿಸಿ, ಕಾಫಿ ಕೊಟ್ಟ. ಆ ಕಾಫಿಯನ್ನು ಅವನು ಕುಡಿದ, ಅದೇ ನೆನಪು ಹೆಚ್ಚು ಸುಡುತ್ತಿತ್ತು.

ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತೇನೋ. ಮಾರ್ಚಿನಲ್ಲಿ ಓರ್ಲಿನ್ ರೈಲಿನವರಿಗೆ ಕಾಗದ ಬರೆದ. ಆ ದಿನ ಆ ಹಳಿಯ ಮೇಲೆ ಯಾವ ರೈಲೂ ನಿಂತಿರಲಿಲ್ಲ ಎಂದು ಅವರು ಸಭ್ಯವಾಗಿ ಉತ್ತರಿಸಿದರು. ಓರ್ಲಿನ್ ಆ ಉತ್ತರವನ್ನು ಹಿಡಿದುಕೊಂಡು ಚರ್ಚಿನ ಕಚೇರಿಗೆ ಬಂದ: "ನೋಡಿ ಇದನ್ನ. ನಮ್ಮ ಪಾಸ್ಟರನ್ನೇ ಸುಳ್ಳುಗಾರ ಅಂತಾರಲ್ಲ ಇವರು." ಜಗಳವೆಂದರೆ ಮಾರು ದೂರ ಇದ್ದ ಮನುಷ್ಯ ಅರ್ಜಿ ಬರೆಸಿದ. ಹಳಿಯ ಮೇಲೆ ಸೇತುವೆ ಆಗಬೇಕು. ಇನ್ನೊಬ್ಬರ ಹೆಂಡತಿಗೆ ಹೀಗಾಗಬಾರದು. ಇನ್ನೂರ ಹನ್ನೆರಡು ಸಹಿ. ಮೊದಲನೆಯದು ಲೋವೆಲ್‌ನದು, ಸಹಿ ಹಾಕುವಾಗ ಪೆನ್ನು ಚೆನ್ನಾಗಿ ಬರೆಯುತ್ತಿದೆ ಎಂದು ಏನೋ ಹೇಳಿದ್ದ. ಬರುವ ಗುರುವಾರ ಜಿಲ್ಲೆಯ ಆಡಳಿತ ನಡೆಸುವ ಕೌಂಟಿಯವರ ಮುಂದೆ ವಿಚಾರಣೆ, ಸಾಕ್ಷಿ ಪಾಸ್ಟರ್ ಎಂಗೆನ್. ಅದರೊಳಗೆ ಹೇಳಬೇಕು. ಹೇಳಿದರೆ ರಜೆ ಮುಗಿದ ಮೇಲಿನ ಭಾನುವಾರ ಆ ಸಹಿ ಹಾಕಿದವರ ಎದುರು ನಿಂತು, ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು ಯಾವ ಬಾಯಿಂದ ಹೇಳುವುದು? ಹೇಳದಿದ್ದರೆ?

ರಾಶಿಯ ಬಳಿ ಲಾರಿಗಳ ಸಾಲು ಉದ್ದ ಬೆಳೆದಿತ್ತು. ಲೋವೆಲ್ ಮೂರನೇ ಲಾರಿಯ ಹಿಂದೆ ನಿಂತ. ವೈರ್‌ಲೆಸ್ಸಿನಲ್ಲಿ ಮಾರ್ಡೆಲ್ ಎಲ್ಲರಿಗೂ ಹೇಳಿದಳು: ರಾಶಿ ಹಾಕುವ ಯಂತ್ರದಲ್ಲಿ ಗೆಡ್ಡೆ ಸಾಗಿಸುವ ರಬ್ಬರ್ ಪಟ್ಟಿ ಹರಿದಿದೆ, ಹೊಲಿಯುವುದಕ್ಕೆ ಎರಡು ಗಂಟೆಯಾದರೂ ಬೇಕಂತೆ, ಎಂಜಿನ್ ಆರಿಸಿ ಊಟ ಮಾಡಿ. ಒಂದೊಂದಾಗಿ ಎಂಜಿನ್ನುಗಳು ಆರಿದವು. ಆ ನಿಶ್ಶಬ್ದದಲ್ಲಿ ಬೆಚ್ಚಗಿನ ಮಣ್ಣಿನ ವಾಸನೆ ಮೇಲೆದ್ದು ಬಂತು. ಅವನು ಕೈಲಿದ್ದ ಮೈಕನ್ನು ಸೀಟಿನ ಮೇಲೆ ಬಿಸಾಡಿ, ಅದರ ಮೇಲೆ ತಗಡಿನ ಬುತ್ತಿ ಡಬ್ಬಿಯನ್ನಿಟ್ಟು ಬಿಚ್ಚಿದ. ಮಾರ್ಡೆಲಳ ಅತ್ತೆ ಥೋರಾ ಅಜ್ಜಿ ಕಟ್ಟಿಕೊಟ್ಟ ಬನ್ನು, ಹ್ಯಾಮು, ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿ. ಉಪ್ಪಿನಕಾಯಿ ಕಚ್ಚಿದಾಗ ಹಲ್ಲಿಗೆ ಚುರುಕ್ಕೆಂದಿತು, ಏಕೋ ಬಹಳ ಸಂತೋಷವಾಯಿತು. ಇಷ್ಟು ಸಂತೋಷವಾಗಿರುವಾಗಲೇ ಹೇಳಿಬಿಡಬೇಕು. ದುಃಖದಲ್ಲಿ ಹೇಳಿದರೆ ಅದೂ ಒಂದು ನಾಟಕವಾದೀತು. ಭಾನುವಾರದ ಪ್ರಸಂಗವನ್ನು ಶನಿವಾರ ಖಾಲಿ ಬೆಂಚುಗಳಿಗೆ ಹೇಳಿ ಅಭ್ಯಾಸ ಮಾಡುವವನು ಅವನು. ಈಗ ಮುಂದಿನ ಲಾರಿಯ ಬೆನ್ನಿಗೆ ಹೇಳತೊಡಗಿದ.

"ಓರ್ಲಿನ್, ನಮ್ಮೆಲ್ಲರ ಜೀವನದಲ್ಲೂ ಕೆಲವು ಸಂದರ್ಭ... ಛೆ, ಇದಲ್ಲ." ಇನ್ನೊಂದು ತುತ್ತು ತಿಂದ. "ಓರ್ಲಿನ್, ಆ ದಿನ ನನ್ನ ಆರೋಗ್ಯ ಸರಿ ಇರ್ಲಿಲ್ಲ. ಇದೂ ಅಲ್ಲ. ಆರೋಗ್ಯ ಚೆನ್ನಾಗೇ ಇತ್ತು." ಸೌತೆಕಾಯಿ ಮುಗಿಸಿ ಬೆರಳು ಒರೆಸಿಕೊಂಡ. "ಓರ್ಲಿನ್, ರೈಲು ನಿಂತಿರ್ಲಿಲ್ಲ. ರೈಲೇ ಇರ್ಲಿಲ್ಲ. ನಾನು ನಿದ್ದೆ ಹೋದೆ. ನಿಮ್ಮ ಮನೆಯಿಂದ ಒಂದೂವರೆ ಮೈಲಿ ದೂರದಲ್ಲಿ ಕಾರಿನಲ್ಲಿ ಮಲಗಿ ನಿದ್ದೆ ಮಾಡಿದೆ. ಅಲ್ಲಿ ಆರ್ಡಿಸ್ ನನ್ನ ಕೇಳ್ತಿದ್ರು, ನಾನು ಇಲ್ಲಿ ಗೊರಕೆ ಹೊಡೀತಿದ್ದೆ. ಆಮೇಲೆ ನಿಮ್ಮ ಕಾಫಿ ಕುಡ್ದೆ. ಆಮೇಲೆ ಸಹಿ ಹಾಕ್ದೆ. ಪ್ರತಿ ಭಾನುವಾರ ನೀವು ಕೈ ಕುಲುಕ್ತೀರಿ, ನಾನು ನಿಮ್ಮ ಟೈ ನೋಡ್ತೀನಿ." ಇನ್ನೂ ಏನೋ ಇತ್ತು, ತಳದಲ್ಲಿ. ಅದು ಹೊರಗೆ ಬರುವವರೆಗೆ ಅವನಿಗೂ ಗೊತ್ತಿರಲಿಲ್ಲ. "ಇನ್ನೊಂದು ಏನಂದ್ರೆ, ಆ ನಿದ್ದೆ ಬಹಳ ಚೆನ್ನಾಗಿತ್ತು. ಎಷ್ಟೋ ತಿಂಗಳಲ್ಲಿ ಅಂಥ ನಿದ್ದೆ ಬಂದಿರ್ಲಿಲ್ಲ. ಎದ್ದಾಗ ಒಂದು ಗಳಿಗೆ ನನಗೆ ಖುಷಿಯಾಗಿತ್ತು. ಅದಕ್ಕೇ ಹೇಳಕ್ಕಾಗ್ಲಿಲ್ಲ."

ಮೂರನೇ ಲಾರಿಯ ಬಾಗಿಲು ತೆರೆಯಿತು. ಓರ್ಲಿನ್ ಒಂದೊಂದೇ ಮೆಟ್ಟಿಲು ಹಿಂದುಮುಂದಾಗಿ ಇಳಿದು, ಟೋಪಿ ಸರಿಪಡಿಸಿಕೊಂಡು, ಇತ್ತ ನಡೆದು ಬಂದ. ಉಪ್ಪು ಕೇಳುವುದಕ್ಕಿರಬೇಕು ಎಂದುಕೊಂಡ ಲೋವೆಲ್. ಮುದುಕ ಆಚೆಯ ಬಾಗಿಲು ತೆಗೆದು, ಬಗ್ಗಿ ಬುತ್ತಿ ಡಬ್ಬಿಯನ್ನು ಎತ್ತಿ, ಅದರಡಿಯಲ್ಲಿ ಒತ್ತಿಕೊಂಡೇ ಇದ್ದ ಮೈಕನ್ನು ಹೊರಗೆಳೆದ. ಒತ್ತಿದಷ್ಟು ಹೊತ್ತೂ ಮಾತು ಎಲ್ಲ ಲಾರಿಗಳಿಗೆ ಹೋಗುವ ಗುಂಡಿ ಟಕ್ಕೆಂದು ಬಿಟ್ಟುಕೊಂಡಿತು. ಅಷ್ಟು ಹೊತ್ತು ಸತ್ತಂತಿದ್ದ ವೈರ್‌ಲೆಸ್ಸು ಬಾಯಿ ತೆರೆಯಿತು.

"ಮುಂದೆ?" ಎಂದಿತು ಥೋರಾ ಅಜ್ಜಿಯ ದನಿ. ತೊಂಬತ್ತು ದಾಟಿದ ಆಕೆ ಅಡುಗೆಮನೆಯ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕೂತು ದಿನವಿಡೀ ಲಾರಿಗಳ ಮಾತು ಕೇಳುತ್ತಿದ್ದಳು. "ಯಾಕೆ ನಿಂತೋಯ್ತು? ನಾನು ಕಾಫಿ ಬಗ್ಗಿಸ್ಕೊಂಡು ಕೂತಿದೀನಿ."

"ಅತ್ತೆ, ಅದನ್ನ ಆರಿಸಿ," ಎಂದಿತು ಮಾರ್ಡೆಲಳ ದನಿ.

"ನನ್ನ ಅಡುಗೆಮನೆ, ನನ್ನ ವೈರ್‌ಲೆಸ್ಸು."

ಆಮೇಲೆ ಮಾರ್ಡೆಲ್, ಈ ಸಲ ನಾಲ್ಕು ಎನ್ನದೆ: "ಪಾಸ್ಟರ್, ಆ ರಜೆ ಫೆಬ್ರುವರಿಯಲ್ಲೇ ಕೊಡ್ಬೇಕಿತ್ತು. ಮೂರು ಮಣ್ಣು ಒಂದೇ ವಾರ ಅಂತ ನಾವೂ ನೋಡ್ತಾ ಇದ್ವಿ. ಊಟಕ್ಕೆ ಬಂದ್ವಿ, ತಿಂದ್ವಿ, ಹೋದ್ವಿ. ಅಷ್ಟೇ ಹೇಳೋದು ನನಗೆ. ಈಗ ಎಲ್ಲರೂ ಬಾಯಿ ಮುಚ್ಕೊಂಡು ಊಟ ಮಾಡಿ."

ಲೋವೆಲ್‌ಗೆ ತನ್ನ ಮಡಿಲಲ್ಲಿ ಬಿದ್ದಿದ್ದ ಬನ್ನಿನ ಚೂರು ಬಹಳ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಕಿವಿಯಿಂದ ಹಿಡಿದು ಅಂಗಾಲಿನವರೆಗೆ ಬಿಸಿಯಾಗಿತ್ತು. ಆಶ್ಚರ್ಯವೆಂದರೆ ಅದು ಅವನು ಎಂಟು ತಿಂಗಳು ಹೆದರಿದ್ದ ಬಿಸಿಯ ಹಾಗಿರಲಿಲ್ಲ. ಜ್ವರ ಬಿಡುವಾಗ ಬೆವರುವಂತೆ ಇತ್ತು. ಓರ್ಲಿನ್ ಇನ್ನೂ ನೆಲದ ಮೇಲೇ, ತೆರೆದ ಬಾಗಿಲು ಹಿಡಿದು ನಿಂತಿದ್ದ.

"ರೈಲಿನವರಿಗೆ ನಾಲ್ಕು ಕಾಗದ ಬರ್ದೆ ನಾನು," ಎಂದ.

"ಗೊತ್ತು."

"ನಾಲ್ಕನೇದ್ರಲ್ಲಿ ಒಳ್ಳೆ ಮಾತು ಬರ್ದಿರ್ಲಿಲ್ಲ. ಅವರ ತಾಯಿ ಹೆಸರೆಲ್ಲ ಎತ್ತಿದ್ದೆ."

"ನಾನೇ ಹೋಗಿ ಹೇಳ್ತೀನಿ. ಗುರುವಾರ ಕೌಂಟಿಯವರ ಮುಂದೂ ಹೇಳ್ತೀನಿ."

"ಹೇಳ್ಬೇಕಾದ್ದೇ." ಮುದುಕನ ದನಿ ಗಟ್ಟಿಯಾಗಿತ್ತು. ಅವನು ಹಳಿಯ ದಿಕ್ಕಿಗೆ ನೋಡಿದ. "ನಂಗೆ ಸಿಟ್ಟು ಬಂದಿದೆ, ಪಾಸ್ಟರ್ರೇ. ನಡ್ಕೊಂಡು ಬರ್ತಾ ಏನೇನೋ ಬೈಬೇಕು ಅಂತಿದ್ದೆ. ಹತ್ತು ಹೆಜ್ಜೆ ಬರೋದ್ರಲ್ಲಿ ಮರ್ತೋಯ್ತು." ಎರಡು ಕೈಯಿಂದ ಮೆಟ್ಟಿಲು ಹಿಡಿದು ಹತ್ತಿ, ಸೀಟಿನ ಮೇಲೆ ಕೂತು, ಬಾಗಿಲೆಳೆದುಕೊಂಡ. ಮೊಣಕಾಲುಗಳನ್ನು ಉಜ್ಜಿಕೊಂಡ. "ನಾನೂ ಒಂದು ಹೇಳಿಲ್ಲ ನಿಮಗೆ."

ಲೋವೆಲ್ ಕಾದ. ಕಾಯುವುದು ಅವನ ಕಸುಬು, ಇವತ್ತು ಅದು ಕಸುಬಿನಂತೆ ಬರಲಿಲ್ಲ.

"ನೀವು ಬರ್ಲಿಲ್ವಲ್ಲ. ಅವಳ ಉಸಿರು ಬೇರೆ ಥರ ಆಗ್ತಾ ಬಂತು. ಆರಾಧನೆಯ ಪುಸ್ತಕದಲ್ಲಿ ಸಾಯೋರಿಗೆ ಓದೋದು ಒಂದು ಇದೆಯಲ್ಲ, ನಾನೇ ಓದಿಬಿಡೋಣ ಅಂತ ತೆಗ್ದೆ. ಕನ್ನಡಕ ಸಿಗ್ಲಿಲ್ಲ. ದೊಡ್ಡ ಅಕ್ಷರ ಕಂಡ ಕಡೆ ಓದೋಕೆ ಶುರು ಮಾಡ್ದೆ. ಒಳ್ಳೇದೇ ಇದೆ, ಸುಖದಲ್ಲಿ, ಕಷ್ಟದಲ್ಲಿ ಅಂತೆಲ್ಲ ಬರ್ತಿದೆ. ಅರ್ಧ ಪುಟ ಆದ್ಮೇಲೆ ಇವಳು ಕಣ್ಣು ಬಿಟ್ಟು, 'ಓರ್ಲಿನ್, ಇದು ಮದುವೇದು' ಅಂದ್ಲು."

ಲೋವೆಲ್ ತಿರುಗಿ ನೋಡಿದ.

"'ಇನ್ನೊಂದ್ಸಲ ಮದುವೆನಾ? ನಂಗೆ ಒಂದೇ ಸಾಕಾಗಿದೆ' ಅಂದ್ಲು. ಅಂದು ನಕ್ಳು. ಮೂರು ದಿನದಿಂದ ನೀರು ಇಳಿದಿರ್ಲಿಲ್ಲ, ಆ ಗಂಟಲಲ್ಲಿ ನಕ್ಳು. ನಾನೂ ನಕ್ಕೆ. ಆಮೇಲೆ 'ನಿಲ್ಲಿಸ್ಬೇಡ, ಪೂರ್ತಿ ಓದು' ಅಂದ್ಲು. ಓದ್ದೆ. ಮುಗಿಯೋದ್ರೊಳಗೆ ಹೋಗಿದ್ಲು." ಟೋಪಿ ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಂಡ. "ತಪ್ಪು ಪುಟ ಓದಿ ಕಳಿಸಿಬಿಟ್ಟೆ ಅಂತ ಎಂಟು ತಿಂಗಳಿಂದ ನಿದ್ದೆ ಇಲ್ಲ. ನಿಮ್ಮನ್ನ ಕೇಳೋಣ ಅಂದ್ರೆ ನಾಚಿಕೆ. ಆ ರೈಲಿನ ಮೇಲೆ ಅಷ್ಟು ಸಿಟ್ಟು ಯಾಕೆ ಬಂತು ಅಂದ್ಕೊಂಡ್ರಿ? ಅದು ನಿಂತಿರದಿದ್ರೆ ನೀವು ಬಂದು ಸರಿಯಾಗಿ ಓದ್ತಿದ್ರಿ. ಹೇಳಿ ಈಗ. ಅದು ನಡೆಯುತ್ತಾ?"

ಪಾಸ್ಟರಾಗಲು ಸೆಮಿನರಿಯಲ್ಲಿ ಓದಿದ್ದು, ಇಪ್ಪತ್ತು ವರ್ಷಗಳ ಮಣ್ಣುಗಳು, ಕಪಾಟಿನ ಪುಸ್ತಕಗಳು ಯಾವುದೂ ಅವನಿಗೆ ನೆರವಿಗೆ ಬರಲಿಲ್ಲ, ಬೇಕಾಗಲೂ ಇಲ್ಲ. ತಾನು ಬಂದಿದ್ದರೆ ಸರಿಯಾದ ಪುಟವನ್ನು ಸರಿಯಾದ ದನಿಯಲ್ಲಿ ಓದುತ್ತಿದ್ದ. ಓರ್ಲಿನ್ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿರುತ್ತಿದ್ದ. ಆರ್ಡಿಸ್ ಸೌಜನ್ಯದಿಂದ ಸತ್ತಿರುತ್ತಿದ್ದಳು. ತನ್ನ ತಪ್ಪು ಇದರಿಂದ ಎಳ್ಳಷ್ಟೂ ಕರಗುವುದಿಲ್ಲ ಎಂದು ಗೊತ್ತಿದ್ದೂ ಎದೆಯೊಳಗಿನಿಂದ ಒಂದು ನಗು ಎದ್ದು ಬರುತ್ತಿತ್ತು. ಅದನ್ನು ತಡೆಯುವುದು ಈಗ ಅಗೌರವವೆನಿಸಿತು.

"ನಡೆಯುತ್ತೆ," ಎಂದ. "ಓರ್ಲಿನ್, ಅದು ನಡೆಯುತ್ತೆ."

"ಪುಟ ತಪ್ಪಿದ್ರೂ?"

"ನಾನು ಇಲ್ಲಿವರೆಗೆ ಓದಿದ ಯಾವ ಪುಟಕ್ಕೂ ಯಾರೂ ನಕ್ಕು ಹೋಗಿಲ್ಲ."

ಮುದುಕನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಕೈ ಚಾಚಿದ ಲೋವೆಲ್‌ಗೆ ನಗು ಕೇಳಿಸಿತು. ಇಬ್ಬರೂ ನಕ್ಕರು. ಲಾರಿಯೇ ಅಲ್ಲಾಡುವಷ್ಟು ನಕ್ಕು, ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಕ್ಕು, ಕಣ್ಣೊರೆಸಿಕೊಂಡರು.

"ಅರ್ಜಿ ಹಂಗೇ ಇರ್ಲಿ," ಎಂದ ಓರ್ಲಿನ್ ಸುಧಾರಿಸಿಕೊಂಡು. "ಆ ದಿನ ನಿಂತಿರದಿದ್ರೆ ಬೇರೆ ದಿನ ನಿಂತಿರುತ್ತೆ. ನಿಮ್ಮ ಸಹಿ ಮಾತ್ರ ಹೊಡೆದು ಹಾಕ್ತೀನಿ. ಇನ್ನೊಂದು. ನೀವು ನನಗೆ ಎರಡು ಗಂಟೆ ಕೊಡ್ಬೇಕು."

"ಯಾವಾಗ ಬರ್ಲಿ?"

"ಬರೋದೇನು? ಕೂತೇ ಇದೀವಲ್ಲ. ಪಟ್ಟಿ ಹೊಲಿಯೋದ್ರೊಳಗೆ ಕೊಟ್ಟುಬಿಡಿ. ಪ್ರಾರ್ಥನೆ ಗೀರ್ಥನೆ ಬೇಡ. ಸುಮ್ನೆ ಕೂತ್ಕೊಳ್ಳಿ. ಅವಳ ವಿಷಯ ಹೇಳ್ತೀನಿ, ಯಾರೂ ಕೇಳೋದಿಲ್ಲ ಈಗ." ಕೈಗಡಿಯಾರ ನೋಡಿಕೊಂಡ. "ಒಂದು ಗಂಟೆಗೆ ಹತ್ತು ನಿಮಿಷ ಇದೆ."

ಆರ್ಡಿಸ್ ಮದುವೆಯಾಗಿ ಬಂದ ವರ್ಷ ಟ್ರ್ಯಾಕ್ಟರನ್ನು ಕಾಲುವೆಗೆ ಇಳಿಸಿದ್ದಳಂತೆ. ಇಳಿಸಿ, ಇಂಥ ಜಾಗದಲ್ಲಿ ಕಾಲುವೆ ಯಾಕೆ ತೋಡಿದ್ದೀರಿ ಎಂದು ಮಾವನನ್ನೇ ಗದರಿಸಿದಳಂತೆ. ಹಾಡುವಾಗ ಶ್ರುತಿ ಬಿಡುತ್ತಿದ್ದಳು, ಅದು ಗೊತ್ತಿದ್ದೇ ಗಟ್ಟಿಯಾಗಿ ಹಾಡುತ್ತಿದ್ದಳು. ಗಂಡನಿಗೆ ಇಷ್ಟವಿಲ್ಲವೆಂದು ನಲವತ್ತು ವರ್ಷ ಪಾರ್ಸ್ನಿಪ್ ಗೆಡ್ಡೆ ಬೇಯಿಸಲಿಲ್ಲ. ಕೊನೆಗೆ ನೋಡಿದರೆ ಇಷ್ಟವಿಲ್ಲದ್ದು ಅವಳಿಗೇ. ಲೋವೆಲ್ ಕೇಳುತ್ತಿದ್ದ. ಅವನ ಕೈ ಎರಡು ಸಲ ತಾನಾಗಿ ಜೇಬಿನ ಫೋನಿನ ಕಡೆ ಹೋಗಿ ಮರಳಿತು. ಪಾರ್ಸ್ನಿಪ್ಪಿನ ನಂತರ ಇನ್ನೊಂದು ಕಥೆ ಎತ್ತಿದ ಓರ್ಲಿನ್ ನಡುವೆ ಎಲ್ಲೋ ನಿಧಾನಿಸಿದ, ಒಂದು ಹೆಸರಿಗಾಗಿ ತಡಕಿದ, ಹೆಸರು ಸಿಗುವ ಮೊದಲೇ ಗಲ್ಲ ಎದೆಗಿಳಿಯಿತು. ಎಂಟು ತಿಂಗಳ ನಿದ್ದೆ ಅದು, ಹೆಗಲು, ಕುತ್ತಿಗೆ, ಬೆರಳು ಒಂದೊಂದನ್ನೇ ಬಿಡಿಸುತ್ತ ಬಂತು. ಬಾಯಿ ತೆರೆದುಕೊಂಡಿತು. ಲೋವೆಲ್ ಬಿಸಿಲು ಅವನ ಕಣ್ಣಿಗೆ ಬಡಿಯದಂತೆ ಮುಂದಿನ ಗಾಜಿನ ಮರೆಯನ್ನು ಇಳಿಸಿ, ವೈರ್‌ಲೆಸ್ಸಿನ ದನಿ ತಗ್ಗಿಸಿ, ಕೂತ. ಓದಲಿಲ್ಲ, ಪ್ರಸಂಗ ಕಟ್ಟಲಿಲ್ಲ. ಹೊರಗೆ ಗೆಡ್ಡೆಯ ರಾಶಿ ಮನೆಯೆತ್ತರಕ್ಕೆ ಬೆಳ್ಳಗೆ ಬಿದ್ದಿತ್ತು. ಅದರ ಮೇಲೆ ಒಂದು ಮೋಡದ ನೆರಳು ಹತ್ತಿ, ಆಚೆ ಇಳಿದು, ಹೊಲದ ಕಡೆ ಹೋಯಿತು. ಅವನು ಆ ನೆರಳು ಹೋದಷ್ಟು ದೂರ ನೋಡಿದ. ನಿದ್ದೆ ಬರಲಿಲ್ಲ, ಬಂದೀತೆಂಬ ಹೆದರಿಕೆಯೂ ಇರಲಿಲ್ಲ.

ಪಟ್ಟಿ ಹೇಳಿದ ಹೊತ್ತಿಗೇ ಸರಿಹೋಯಿತು. ಮುಂದಿನ ಲಾರಿಗಳು ಗುರುಗುಟ್ಟಿ ಕದಲಿದವು. ಯಾರೂ ಇಲ್ಲದ ಮೂರನೇ ಲಾರಿ ಹಾಗೇ ನಿಂತಿತು, ಅದರ ಹಿಂದೆ ನಾಲ್ಕನೆಯದು. ಹಿಂದಿನವರು ಒಂದು ಸಲ ಹಾರನ್ ಹೊಡೆದರು.

"ನಾಲ್ಕು, ಸಾಲು ಹೋಗ್ತಾ ಇದೆ," ಎಂದಳು ಮಾರ್ಡೆಲ್. "ಯಾಕೆ ನಿಂತೆ? ಲಾರಿ ಕೆಟ್ಟಿದ್ಯಾ?"

ಅವನು ಮೈಕನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಹೇಳಿದ. "ಕೆಟ್ಟಿಲ್ಲ. ಉಳಿದವರು ದಾಟಿ ಹೋಗ್ಲಿ. ಮೂರು, ನಾಲ್ಕು ಎರಡೂ ಆಮೇಲೆ ಬರ್ತವೆ."

"ಎಷ್ಟು ಹೊತ್ತು?"

ಲೋವೆಲ್ ಮುದುಕನ ಮಣಿಕಟ್ಟನ್ನು ಅಲುಗಿಸದೆ, ಬಗ್ಗಿ, ಅದರ ಮೇಲಿದ್ದ ಗಡಿಯಾರ ನೋಡಿದ. ಎರಡೂವರೆಯಾಗಿತ್ತು. ಇನ್ನೂ ಇಪ್ಪತ್ತು ನಿಮಿಷ ಕೊಡುವುದಿತ್ತು.